ಹದಿಹರೆಯದ ಓದಿಗೆ ನಾವು ಕೊಟ್ಟದ್ದೇನು?

ಶಾಲಾ ವರ್ಷ ಆರಂಭವಾಗುವ ಹೊತ್ತಿಗೆ ನಮ್ಮ ಪಟ್ಟಣಗಳ ಪ್ರತಿಯೊಂದು ಮನೆಯಲ್ಲೂ ಒಂದು ಪಟ್ಟಿ ತಯಾರಾಗುತ್ತದೆ. ಪಠ್ಯಪುಸ್ತಕ, ನೋಟ್‌ಬುಕ್ಕು, ಸಮವಸ್ತ್ರ, ಶೂ, ಚೀಲ, ವಾಹನದ ಬಾಡಿಗೆ, ಟ್ಯೂಷನ್ ಶುಲ್ಕ ಎಲ್ಲವೂ ಅದರಲ್ಲಿರುತ್ತವೆ. ಸಾಲ ಮಾಡಿಯಾದರೂ, ಚಿನ್ನ ಅಡವಿಟ್ಟಾದರೂ ಹೆತ್ತವರು ಅದನ್ನು ಪೂರೈಸುತ್ತಾರೆ. ಶಿಕ್ಷಣದ ಕುರಿತು ಕಳೆದ ಕೆಲವು ದಶಕಗಳಲ್ಲಿ ಈ ಸಮುದಾಯದಲ್ಲಿ ಮೂಡಿರುವ ಎಚ್ಚರ ಸಣ್ಣದೇನಲ್ಲ. ಆದರೆ ಆ ಪಟ್ಟಿಯಲ್ಲಿ ಒಂದು ಕತೆಪುಸ್ತಕದ ಹೆಸರನ್ನು ನಾವು ಕಂಡದ್ದು ಅಪರೂಪ. ಹೈಸ್ಕೂಲಿಗೆ ಕಾಲಿಟ್ಟ ಮಗನೋ ಮಗಳೋ ಪಠ್ಯದ ಹೊರಗಿನ ಪುಸ್ತಕ ಹಿಡಿದು ಕುಳಿತರೆ, ‘ಓದುವುದು ಬಿಟ್ಟು ಅದೇನು ಓದುತ್ತಿದ್ದೀ?’ ಎಂದು ಕೇಳುವ ಮನೆಗಳೇ ಹೆಚ್ಚು. ಆ ಪ್ರಶ್ನೆಯೊಳಗಿನ ವಿಚಿತ್ರ ಕೇಳಿದವರಿಗೇ ಹೊಳೆಯುವುದಿಲ್ಲ.

ಮನೆಯ ಮಾತು ಹಾಗಿರಲಿ, ಶಾಲೆಯ ಮಾತೇನು? ಬಹುತೇಕ ಶಾಲೆಗಳಲ್ಲಿ ಗ್ರಂಥಾಲಯವೆಂದರೆ ಮುಖ್ಯೋಪಾಧ್ಯಾಯರ ಕೊಠಡಿಯ ಮೂಲೆಯಲ್ಲಿರುವ ಒಂದು ಗಾಜಿನ ಕಪಾಟು. ಅದರ ಕೀಲಿಕೈ ಯಾರೋ ಒಬ್ಬ ಅಧ್ಯಾಪಕರ ಬಳಿ ಇರುತ್ತದೆ. ಅವರಿಗೆ ತರಗತಿಗಳ ಹೊರೆ, ಗಣತಿಯ ಹೊರೆ, ಪರೀಕ್ಷೆಯ ಹೊರೆ. ಪುಸ್ತಕ ಕಳೆದರೆ ಉತ್ತರ ಹೇಳಬೇಕಾದವರೂ ಅವರೇ ಆದ್ದರಿಂದ ಕಪಾಟು ಮುಚ್ಚಿದ್ದಷ್ಟೂ ಅವರಿಗೆ ನೆಮ್ಮದಿ. ಒಳಗೆ ಏನಿದೆಯೆಂದು ನೋಡಿದರೆ ಸಾಮಾನ್ಯ ಜ್ಞಾನ, ಪ್ರಬಂಧ ಮತ್ತು ಪತ್ರಲೇಖನ, ನಿಘಂಟು, ಮಹಾಪುರುಷರ ಜೀವನಚರಿತ್ರೆಗಳು, ಬದಲಾದ ಪಠ್ಯಕ್ರಮದ ಹಳೆಯ ಗೈಡುಗಳು. ನಮ್ಮ ಸಂಸ್ಥೆಗಳು ನಡೆಸುವ ಶಾಲೆಯಾದರೆ ಪ್ರವಾದಿ ಚರಿತ್ರೆ ಮತ್ತು ಸಹಾಬಿಗಳ ಬದುಕನ್ನು ಹೇಳುವ ಪುಸ್ತಕಗಳೂ ಇರುತ್ತವೆ. ಅವು ಇರಬೇಕಾದವೇ. ಆದರೆ ಹದಿನಾಲ್ಕರ ಹುಡುಗಿಯೊಬ್ಬಳು ತಾನಾಗಿ ಕೈಚಾಚಿ ತೆಗೆದುಕೊಂಡು ರಾತ್ರಿ ನಿದ್ದೆಗೆಟ್ಟು ಓದಿ ಮುಗಿಸುವ ಪುಸ್ತಕ ಆ ಕಪಾಟಿನಲ್ಲಿ ಎಷ್ಟಿವೆ?

13ರಿಂದ 17ರ ವಯಸ್ಸು ಎಂಥದೆಂದು ನಾವೆಲ್ಲ ಬಲ್ಲೆವು, ಆದರೆ ಬೇಗ ಮರೆಯುತ್ತೇವೆ. ದೇಹ ಬದಲಾಗುತ್ತದೆ, ಗೆಳೆತನಗಳು ಬದಲಾಗುತ್ತವೆ. ತಂದೆತಾಯಿಯ ಬಗ್ಗೆ ಹೇಳಿಕೊಳ್ಳಲಾಗದ ಸಿಟ್ಟು, ತನ್ನ ಬಗ್ಗೆ ತನಗೇ ಸಂಕೋಚ. ಮುಸ್ಲಿಂ ಮನೆಯ ಮಕ್ಕಳಿಗೆ ಇವೆಲ್ಲದರ ಮೇಲೆ ಇನ್ನೊಂದು ಅನುಭವವೂ ಇದೇ ವಯಸ್ಸಿನಲ್ಲಿ ಬಂದು ಸೇರುತ್ತದೆ. ತನ್ನ ಹೆಸರು ಕೇಳಿದಾಕ್ಷಣ ಎದುರಿನವರ ಮುಖದಲ್ಲಾಗುವ ಸಣ್ಣ ಬದಲಾವಣೆಯನ್ನು ಮಗು ಮೊದಲ ಬಾರಿ ಗುರುತಿಸುವುದು ಆಗಲೇ. ಬಾಡಿಗೆಗೆ ಮನೆ ಕೇಳಲು ಹೋದ ತಂದೆ ಯಾಕೆ ಬೇಗ ಮರಳಿದರೆಂದು ಅದಕ್ಕೆ ಅರ್ಥವಾಗುವುದೂ ಆಗಲೇ. ಇದಕ್ಕೆ ಪಠ್ಯಪುಸ್ತಕದಲ್ಲಿ ಉತ್ತರವಿಲ್ಲ. ಮಹಾಪುರುಷರ ಜೀವನಚರಿತ್ರೆಯಲ್ಲೂ ಸುಲಭಕ್ಕೆ ಸಿಗುವುದಿಲ್ಲ, ಯಾಕೆಂದರೆ ಅಲ್ಲಿ ಬದುಕು ಆಗಲೇ ಗೆದ್ದು ಮುಗಿದಿರುತ್ತದೆ. ಇನ್ನೂ ಗೆಲ್ಲದ, ಏನು ಮಾಡಬೇಕೆಂದು ತಿಳಿಯದ, ತನ್ನದೇ ವಯಸ್ಸಿನ ಒಬ್ಬ ಹುಡುಗ ಅಥವಾ ಹುಡುಗಿ ಆ ಮಗುವಿಗೆ ಬೇಕು. ಅಂಥ ಜೊತೆಗಾರ ಸಿಗುವುದು ಕತೆಯಲ್ಲಿ. ಇಂಗ್ಲಿಷಿನಲ್ಲಿ ಇದಕ್ಕೆ ‘ಯಂಗ್ ಅಡಲ್ಟ್’ ಸಾಹಿತ್ಯವೆಂಬ ಹೆಸರೇ ಇದೆ. ಕನ್ನಡದಲ್ಲಿ ಶಿಶುಗೀತೆಗಳಿವೆ, ಜನಪದ ಕತೆಗಳಿವೆ, ದೊಡ್ಡವರ ಕಾದಂಬರಿಗಳು ಬೇಕಾದಷ್ಟಿವೆ. ಆದರೆ ನಡುವಿನ ಈ ವಯಸ್ಸಿನ ಕಪಾಟು ತೆಳ್ಳಗಿದೆ. ಆ ಖಾಲಿ ಜಾಗವನ್ನು ಈಗ ಮೊಬೈಲು ತುಂಬುತ್ತಿದೆ. ಅದು ಏನನ್ನು ಓದಿಸುತ್ತಿದೆ, ಏನನ್ನು ನೋಡಿಸುತ್ತಿದೆ ಎಂದು ಕೇಳುವ ಧೈರ್ಯ ನಮ್ಮಲ್ಲಿ ಎಷ್ಟು ಮಂದಿಗಿದೆಯೋ.

ಪುಸ್ತಕಗಳಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ಕುಳಿತು ಎಣಿಸಿದ ದೇಶವೊಂದಿದೆ. ಆ ಎಣಿಕೆಯ ಇತಿಹಾಸ ನಮಗೂ ಉಪಯುಕ್ತ. ಅಮೆರಿಕದ ನ್ಯಾನ್ಸಿ ಲ್ಯಾರಿಕ್ ಎಂಬ ಶಿಕ್ಷಣತಜ್ಞೆ 1965ರಲ್ಲಿ ‘ಸಾಟರ್ಡೇ ರಿವ್ಯೂ’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಶಿಶುವಿಹಾರದ ಐದು ವರ್ಷದ ಕರಿಯ ಹುಡುಗಿಯೊಬ್ಬಳು ಚಿತ್ರಪುಸ್ತಕ ನೋಡುತ್ತಾ, ಇದರಲ್ಲಿ ಯಾವಾಗಲೂ ಬಿಳಿಯ ಮಕ್ಕಳೇ ಯಾಕಿರುತ್ತಾರೆ ಎಂದು ಕೇಳಿದ್ದೇ ಆ ಲೇಖನಕ್ಕೆ ಪ್ರೇರಣೆ. 1962ರಿಂದ 1964ರವರೆಗೆ 63 ಪ್ರಕಾಶಕರು ಹೊರತಂದ 5,206 ಮಕ್ಕಳ ಪುಸ್ತಕಗಳನ್ನು ಲ್ಯಾರಿಕ್ ಪರಿಶೀಲಿಸಿದರು. ಕರಿಯ ಪಾತ್ರ ಒಂದಾದರೂ ಇದ್ದ ಪುಸ್ತಕಗಳು 349, ಅಂದರೆ ಶೇ. 6.7. ಅದಾಗಿ ಎರಡು ದಶಕಗಳ ಬಳಿಕ, 1985ರಲ್ಲಿ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಕ್ಕಳ ಪುಸ್ತಕ ಕೇಂದ್ರ ಇದೇ ಎಣಿಕೆಯನ್ನು ಕೈಗೆತ್ತಿಕೊಂಡಿತು. ಆ ವರ್ಷ ಪ್ರಕಟವಾದ ಸುಮಾರು 2,500 ಪುಸ್ತಕಗಳಲ್ಲಿ ಕರಿಯ ಲೇಖಕರು ಅಥವಾ ಚಿತ್ರಕಾರರದ್ದು ಕೇವಲ 18. 2013ರಲ್ಲಿ ಆ ಕೇಂದ್ರಕ್ಕೆ ಬಂದ ಸುಮಾರು 3,200 ಪುಸ್ತಕಗಳಲ್ಲಿ ಕರಿಯರ ಕುರಿತಾದವು 93. ಸಂವಿಧಾನ, ಕಾನೂನು, ಚಳವಳಿ, ಕರಿಯ ರಾಷ್ಟ್ರಪತಿ ಎಲ್ಲವೂ ಬಂದ ಮೇಲಿನ ಸ್ಥಿತಿ ಇದು!

ಮಾರನೆಯ ವರ್ಷ, 2014ರ ಮಾರ್ಚ್‌ನಲ್ಲಿ, ಈ ಲೆಕ್ಕವನ್ನು ಮುಂದಿಟ್ಟು ವಾಲ್ಟರ್ ಡೀನ್ ಮಯರ್ಸ್ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಬರೆದ ಲೇಖನ ಬಹಳ ಚರ್ಚೆಯಾಯಿತು. ಮಯರ್ಸ್ ಹದಿಹರೆಯದವರಿಗಾಗಿಯೇ ಬರೆದ ದೊಡ್ಡ ಲೇಖಕ. ನ್ಯೂಯಾರ್ಕಿನ ಹಾರ್ಲೆಂ ಬಡಾವಣೆಯಲ್ಲಿ ಬೆಳೆದವರು, ಶಾಲೆ ಬಿಟ್ಟು 17ನೇ ವಯಸ್ಸಿನಲ್ಲಿ ಸೈನ್ಯ ಸೇರಿದವರು. ಬಾಲ್ಯದಲ್ಲಿ ಪುಸ್ತಕದ ಹುಚ್ಚಿದ್ದ ಅವರಿಗೆ, ಬೆಳೆಯುತ್ತಾ ಬಂದಂತೆ ತನ್ನಂಥವರು ಆ ಪುಸ್ತಕಗಳಲ್ಲಿಲ್ಲ ಎಂಬುದು ಅರಿವಾಗಿ ಓದಿನಿಂದಲೇ ದೂರವಾದರಂತೆ. ಮುಂದೆ ಜೇಮ್ಸ್ ಬಾಲ್ಡ್‌ವಿನ್ನರ ಒಂದು ಕತೆ ಓದಿದಾಗ, ತನ್ನ ಬೀದಿಯ ಜನರ ಬಗ್ಗೆ ತಾನೂ ಬರೆಯಬಹುದೆಂಬ ಧೈರ್ಯ ಬಂತು. 1999ರಲ್ಲಿ ಅವರು ಬರೆದ ‘ಮಾನ್‌ಸ್ಟರ್’ ಕೊಲೆ ಆರೋಪ ಹೊತ್ತು ನ್ಯಾಯಾಲಯದಲ್ಲಿ ನಿಂತ ಹದಿನಾರರ ಹುಡುಗನ ಕತೆ. ಸಮಾಜ ತನ್ನನ್ನು ರಾಕ್ಷಸನೆಂದು ಕರೆದಾಗ ಹುಡುಗನೊಬ್ಬ ತನ್ನೊಳಗೆ ಏನನ್ನು ಕಾಣುತ್ತಾನೆ ಎಂಬುದು ಅದರ ವಸ್ತು. ಅನುಮಾನದ ಮೇಲೆ ಠಾಣೆಗೆ ಕರೆಸಲ್ಪಟ್ಟ ಹುಡುಗರಿರುವ ಯಾವುದೇ ಊರಿನಲ್ಲಿ ಈ ಕತೆ ಪರಕೀಯವೆನಿಸದು.

ಇದೇ ಚರ್ಚೆಯಲ್ಲಿ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ರುಡೀನ್ ಸಿಮ್ಸ್ ಬಿಷಪ್ 1990ರಲ್ಲಿ ಕೊಟ್ಟ ಹೋಲಿಕೆಯೊಂದು ಪ್ರಸಿದ್ಧವಾಗಿದೆ. ಪುಸ್ತಕ ಓದುಗನಿಗೆ ಕೆಲವೊಮ್ಮೆ ಕಿಟಕಿ, ಕೆಲವೊಮ್ಮೆ ಕನ್ನಡಿ. ತನ್ನನ್ನು ಎಲ್ಲೂ ಕಾಣದ ಮಗು ತಾನು ಲೆಕ್ಕಕ್ಕಿಲ್ಲವೆಂದು ಕಲಿಯುತ್ತದೆ. ಬರೀ ತನ್ನನ್ನೇ ಕಾಣುವ ಮಗುವೂ ಅಷ್ಟೇ ಅಪಾಯಕಾರಿಯಾದ ಪಾಠ ಕಲಿಯುತ್ತದೆ, ಜಗತ್ತೆಂದರೆ ತಾನೊಬ್ಬನೇ ಎಂದು. ಅಮೆರಿಕದ ಬಿಳಿಯ ಮಕ್ಕಳನ್ನು ಉದ್ದೇಶಿಸಿ ಅವರು ಹೇಳಿದ ಈ ಎರಡನೆಯ ಮಾತನ್ನು ನಾವು ವಿಶೇಷವಾಗಿ ನೆನಪಿಡಬೇಕು. ಅದರ ಕಾರಣ ಮುಂದೆ ಹೇಳುತ್ತೇವೆ.

ಮೊದಲು ಕನ್ನಡಿಯ ಮಾತು. ಕನ್ನಡದ ಮಕ್ಕಳ ಪುಸ್ತಕಗಳಲ್ಲಿ ಮುಸ್ಲಿಂ ಮಗು ಇಲ್ಲವೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಇದೆ. ರಾಮ, ರಹೀಮ, ರಾಬರ್ಟ್ ಎಂಬ ಮೂವರು ಗೆಳೆಯರಲ್ಲಿ ಅದು ನಡುವಿನದು. ಭಾವೈಕ್ಯದ ಪಾಠಕ್ಕೆ ಬೇಕಾದಾಗ ಬರುತ್ತದೆ, ಹಬ್ಬದ ದಿನ ಗೆಳೆಯರಿಗೆ ಸಿಹಿ ಕೊಡುತ್ತದೆ, ಹೋಗುತ್ತದೆ. ಈ ರಹೀಮನಿಗೆ ಗಣಿತದಲ್ಲಿ ಕಡಿಮೆ ಅಂಕ ಬರುವುದಿಲ್ಲ. ಅವನು ಕ್ರಿಕೆಟ್ಟಿನಲ್ಲಿ ಸೊನ್ನೆಗೆ ಔಟಾಗುವುದಿಲ್ಲ, ಅಕ್ಕನೊಡನೆ ಜಗಳವಾಡುವುದಿಲ್ಲ. ಗಲ್ಫಿನಲ್ಲಿರುವ ತಂದೆ ಎರಡು ವರ್ಷಕ್ಕೊಮ್ಮೆ ಬಂದಾಗ ಏನು ಮಾತಾಡಬೇಕೆಂದು ತಿಳಿಯದೆ ಬಾಗಿಲ ಹಿಂದೆ ನಿಲ್ಲುವುದಿಲ್ಲ. ಅವನು ಟೋಪಿ ಹಾಕಿದ ಒಂದು ಒಳ್ಳೆಯ ಉದ್ದೇಶ, ಅಷ್ಟೆ. ಒಳ್ಳೆಯ ಉದ್ದೇಶದಲ್ಲಿ ಯಾವ ಮಗುವೂ ತನ್ನ ಮುಖ ಕಾಣದು.

ಹಾಗೆಂದು ನಮ್ಮ ಬದುಕನ್ನು ಬರೆಯಬಲ್ಲ ಕೈಗಳು ಕನ್ನಡದಲ್ಲಿಲ್ಲವೇ? ಸಾರಾ ಅಬೂಬಕ್ಕರ್, ಬೊಳುವಾರು ಮಹಮದ್ ಕುಂಞಿ, ಫಕೀರ್ ಮುಹಮ್ಮದ್ ಕಟ್ಪಾಡಿ, ಬಾನು ಮುಷ್ತಾಕ್ ಇವರೆಲ್ಲ ನಾಲ್ಕು ದಶಕಗಳಿಂದ ಮುಸ್ಲಿಂ ಮನೆಯ ಅಡುಗೆಕೋಣೆ, ಅಂಗಳ, ಮಸೀದಿಯ ಮೆಟ್ಟಿಲುಗಳನ್ನು ಕನ್ನಡಕ್ಕೆ ತಂದರು. ಬಾನು ಮುಷ್ತಾಕರ ಕತೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಅನುವಾದಕಿ ದೀಪಾ ಭಾಸ್ತಿ. ಕನ್ನಡಕ್ಕೆ ಈ ಪ್ರಶಸ್ತಿ ಬಂದದ್ದು ಅದೇ ಮೊದಲು. ಸನ್ಮಾನಗಳು ನಡೆದವು, ಹಾರಗಳು ಬಿದ್ದವು. ನಮ್ಮ ಎಷ್ಟು ಶಾಲೆಗಳ ಕಪಾಟಿಗೆ ಅವರ ಒಂದು ಪುಸ್ತಕ ಹೊಸದಾಗಿ ಸೇರಿತು? ಬೊಳುವಾರರಂತೂ ಮಕ್ಕಳಿಗಾಗಿಯೇ ದುಡಿದವರು. ಕನ್ನಡದ ಶಿಶುಗೀತೆಗಳನ್ನು ಒಟ್ಟುಗೂಡಿಸಿದ ‘ತಟ್ಟು ಚಪ್ಪಾಳೆ ಪುಟ್ಟ ಮಗು’ ಅವರ ಸಂಪಾದನೆ. ಗಾಂಧೀಜಿಯವರ ಕುರಿತು ಬರೆದ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ’ಗೆ 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಇಷ್ಟಿದ್ದೂ ಹದಿನೈದರ ಹುಡುಗ ಹುಡುಗಿಯರನ್ನು ನಡುವೆ ನಿಲ್ಲಿಸಿ, ಅವರಿಗಾಗಿಯೇ ಬರೆದ ಕಾದಂಬರಿಯ ಸಾಲು ನಮ್ಮಲ್ಲಿ ಬೆಳೆಯಲಿಲ್ಲ. ಬರೆದದ್ದಕ್ಕೆ ಪಠ್ಯದಲ್ಲಿ ಸಿಕ್ಕ ಜಾಗವೂ ಗಟ್ಟಿಯಾಗಿಲ್ಲ. ಹತ್ತನೇ ತರಗತಿಯ ಕನ್ನಡ ಪಠ್ಯದಲ್ಲಿದ್ದ ಸಾರಾ ಅವರ ‘ಯುದ್ಧ’ವನ್ನು 2022ರ ಪರಿಷ್ಕರಣೆ ಹೊರಗಿಟ್ಟಿತು. 2023ರಲ್ಲಿ ಬಂದ ಇನ್ನೊಂದು ಸರಕಾರ ಮತ್ತೆ ಒಳಗೆ ತಂದಿತು. ಪಠ್ಯಪುಸ್ತಕ ಸರಕಾರದ ಕೈಯಲ್ಲಿದೆ, ಚುನಾವಣೆಯೊಂದಿಗೆ ಅದು ಬದಲಾಗುತ್ತದೆ. ಶಾಲೆಯ ಗ್ರಂಥಾಲಯ ಬಹುಮಟ್ಟಿಗೆ ಶಾಲೆಯ ಕೈಯಲ್ಲಿದೆ. ಈ ವ್ಯತ್ಯಾಸವನ್ನು ನಮ್ಮ ಆಡಳಿತ ಮಂಡಳಿಗಳು ಗಮನಿಸಿದಂತಿಲ್ಲ.

ಇಲ್ಲಿ ನೋವಿನ ಸಂಗತಿಯೊಂದನ್ನು ಹೇಳಲೇಬೇಕು. 2021ರ ಕೊನೆಯಲ್ಲಿ ಉಡುಪಿಯ ಸರಕಾರಿ ಪದವಿಪೂರ್ವ ಕಾಲೇಜಿನಲ್ಲಿ ಆರಂಭವಾದ ಹಿಜಾಬ್ ವಿವಾದ 2022ರ ಫೆಬ್ರವರಿಯ ಹೊತ್ತಿಗೆ ಇಡೀ ರಾಜ್ಯವನ್ನು ಆವರಿಸಿತು. ಮಾರ್ಚ್ 15ರಂದು ಹೈಕೋರ್ಟು ತೀರ್ಪು ಕೊಟ್ಟಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಕಾನೂನಿನ ವಾದಗಳನ್ನು ನಾವಿಲ್ಲಿ ಮತ್ತೆ ತೆರೆಯುವುದಿಲ್ಲ. ಆ ದಿನಗಳ ಒಂದು ದೃಶ್ಯ ಮಾತ್ರ ನಮ್ಮನ್ನು ಬಿಟ್ಟು ಹೋಗಿಲ್ಲ. ಒಂದೇ ತರಗತಿಯಲ್ಲಿ ಕುಳಿತು ಪಾಠ ಕೇಳಿದವರು, ಒಬ್ಬರ ಟಿಪ್ಪಣಿ ಇನ್ನೊಬ್ಬರು ಬರೆದುಕೊಂಡವರು, ಕೇಸರಿ ಶಾಲು ಮತ್ತು ಹಿಜಾಬ್ ಎಂಬ ಎರಡು ಗುಂಪುಗಳಾಗಿ ಗೇಟಿನ ಬಳಿ ಎದುರುಬದುರು ನಿಂತರು. ಹನ್ನೆರಡು ವರ್ಷ ಶಾಲೆಯಲ್ಲಿ ಕಲಿತ ಆ ಹುಡುಗ, ತಲೆಯ ಮೇಲೆ ವಸ್ತ್ರ ಹಾಕುವ ಹುಡುಗಿ ಮನೆಯಲ್ಲಿ ಏನು ಯೋಚಿಸುತ್ತಾಳೆಂದು ಹೇಳುವ ಒಂದು ಕತೆಯನ್ನಾದರೂ ಓದಿದ್ದನೇ? ಆ ಹುಡುಗಿ, ಶಾಲು ಹೊದ್ದುಕೊಂಡವನ ಮನೆಯ ಬಡತನವನ್ನೋ ಭಯವನ್ನೋ ಹೇಳುವ ಒಂದು ಕತೆ ಓದಿದ್ದಳೇ? ಓದಿದ್ದರೆ ವಿವಾದವೇ ಆಗುತ್ತಿರಲಿಲ್ಲವೆಂದು ನಾವು ಭ್ರಮಿಸುವುದಿಲ್ಲ. ರಾಜಕೀಯಕ್ಕೆ ಅದರದೇ ದಾರಿಗಳಿವೆ. ಆದರೆ ಎದುರು ನಿಂತವರ ಕಣ್ಣುಗಳು ಅಷ್ಟು ಅಪರಿಚಿತವಾಗಿ ಇರುತ್ತಿರಲಿಲ್ಲ.

ಆಸ್ಟ್ರೇಲಿಯಾದ ರಂದಾ ಅಬ್ದುಲ್ ಫತ್ತಾಹ್ 2005ರಲ್ಲಿ ಬರೆದ ‘ಡಸ್ ಮೈ ಹೆಡ್ ಲುಕ್ ಬಿಗ್ ಇನ್ ದಿಸ್?’ ಎಂಬ ಕಾದಂಬರಿ ಇಂಥದೇ ಕತೆ. ಮೆಲ್ಬೋರ್ನಿನ ಹದಿನಾರರ ಅಮಲ್ ಪೂರ್ಣಕಾಲ ಹಿಜಾಬ್ ಧರಿಸಲು ತಾನಾಗಿಯೇ ನಿರ್ಧರಿಸುತ್ತಾಳೆ. ಶಾಲೆ ಏನನ್ನುತ್ತದೆ, ಗೆಳತಿಯರು ಏನನ್ನುತ್ತಾರೆ, ಕನ್ನಡಿಯ ಮುಂದೆ ತಾನು ಹೇಗೆ ಕಾಣುತ್ತೇನೆ ಎಂಬ ಹದಿಹರೆಯದ ಎಲ್ಲ ಆತಂಕಗಳೂ ಅದರಲ್ಲಿವೆ. ತಮಾಷೆಯೂ ಇದೆ. ಅಮೆರಿಕದ ದೊಡ್ಡ ಪ್ರಕಾಶನ ಸಂಸ್ಥೆ ಸೈಮನ್ ಅಂಡ್ ಶುಸ್ಟರ್ 2016ರಲ್ಲಿ ಮುಸ್ಲಿಂ ಮಕ್ಕಳ ಕತೆಗಳಿಗೆಂದೇ ‘ಸಲಾಂ ರೀಡ್ಸ್’ ಎಂಬ ವಿಭಾಗ ತೆರೆಯಿತು. 2017ರಲ್ಲಿ ಅಲ್ಲಿಂದ ಬಂದ ಎಸ್.ಕೆ. ಅಲಿಯವರ ‘ಸೇಂಟ್ಸ್ ಅಂಡ್ ಮಿಸ್‌ಫಿಟ್ಸ್’ ಕಾದಂಬರಿಯ ವಸ್ತುವನ್ನು ನಮ್ಮ ಓದುಗರ ಮುಂದಿಡಬೇಕೆನಿಸುತ್ತದೆ. ಜನ್ನಾ ಎಂಬ ಹುಡುಗಿಯ ಮೇಲೆ ಒಬ್ಬ ಯುವಕ ಕೈ ಮಾಡುತ್ತಾನೆ. ಅವನು ಕುರ್‌ಆನ್ ಕಂಠಪಾಠ ಮಾಡಿದವನು, ಮಸೀದಿಯಲ್ಲಿ ಎಲ್ಲರ ಮೆಚ್ಚುಗೆಗೆ ಪಾತ್ರನಾದವನು. ತಾನು ಹೇಳಿದರೆ ಯಾರು ನಂಬುತ್ತಾರೆ? ಹೇಳಿದರೆ ಸಮುದಾಯದ ಮಾನ ಹೋಗುವುದಿಲ್ಲವೇ? ಈ ಎರಡು ಪ್ರಶ್ನೆಗಳ ನಡುವೆ ಅವಳು ನರಳುತ್ತಾಳೆ. ಬರೆದವರು ಸಮುದಾಯವನ್ನು ಹೊರಗಿನಿಂದ ಹಂಗಿಸುವವರಲ್ಲ, ಹಿಜಾಬ್ ಧರಿಸುವ ಲೇಖಕಿ. ಕತೆಯ ಹುಡುಗಿಯೂ ತನ್ನ ಶ್ರದ್ಧೆಯನ್ನು ಬಿಡುವುದಿಲ್ಲ.

ಈ ಪುಸ್ತಕವನ್ನು ನಮ್ಮ ಶಾಲೆಯೊಂದರ ಗ್ರಂಥಾಲಯದಲ್ಲಿ ಇಡಲು ಹೋದರೆ ಏನಾದೀತು? ಬಹುಶಃ ಮೊದಲ ಸಭೆಯಲ್ಲೇ ಅದು ಹೊರಗೆ ಹೋದೀತು. ಕನ್ನಡಿ ಬೇಕು ಎನ್ನುವ ನಾವು, ಕನ್ನಡಿ ಸುಳ್ಳು ಹೇಳಲಿ ಎಂದು ಬಯಸುತ್ತೇವೆ. ಸಾರಾ ಅಬೂಬಕ್ಕರ್ ಮತ್ತು ಬಾನು ಮುಷ್ತಾಕ್ ಇಬ್ಬರೂ ತಾವು ಬರೆದ, ಆಡಿದ ಮಾತಿಗಾಗಿ ಸಮುದಾಯದೊಳಗಿನಿಂದಲೇ ವಿರೋಧ ಎದುರಿಸಿದವರು. ಅವರ ಎಲ್ಲ ಅಭಿಪ್ರಾಯಗಳನ್ನು ಒಪ್ಪಬೇಕೆಂದು ನಾವು ಯಾರನ್ನೂ ಒತ್ತಾಯಿಸುವುದಿಲ್ಲ. ನಮಗೂ ಕೆಲವೆಡೆ ಭಿನ್ನಾಭಿಪ್ರಾಯವಿದೆ. ಆದರೆ ಮನೆಯೊಳಗಿನ ಅನ್ಯಾಯವನ್ನು ಕತೆಯಲ್ಲಿ ಓದಿದ ಹುಡುಗಿ, ತನಗೆ ಅಂಥದು ಎದುರಾದಾಗ ಅದಕ್ಕೊಂದು ಹೆಸರಿದೆಯೆಂದು ತಿಳಿದಿರುತ್ತಾಳೆ. ಓದದವಳು ಅದು ತನ್ನದೇ ತಪ್ಪೆಂದುಕೊಂಡು ಸುಮ್ಮನಿರುತ್ತಾಳೆ. ಕತೆಪುಸ್ತಕವನ್ನು ಕೇವಲ ಮನೋರಂಜನೆಯೆಂದು ತಳ್ಳಿಹಾಕುವವರು ಇದನ್ನು ಯೋಚಿಸಿದ್ದಾರೆಯೇ?

ಕತೆಯ ಬಗ್ಗೆ ಈ ಅಂಜಿಕೆ ನಮ್ಮ ಪರಂಪರೆಯಿಂದ ಬಂದದ್ದೆಂದು ಕೆಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಎಂಟನೇ ಶತಮಾನದಲ್ಲಿ ಇಬ್ನುಲ್ ಮುಖಫ್ಫಅ್ ಪಹ್ಲವಿಯಿಂದ ಅರಬಿಗೆ ತಂದ ‘ಕಲೀಲ ವ ದಿಮ್ನ’ ಮೂಲದಲ್ಲಿ ನಮ್ಮ ಪಂಚತಂತ್ರ. ಹನ್ನೊಂದನೇ ಶತಮಾನದಲ್ಲಿ ದುರ್ಗಸಿಂಹ ಅದೇ ಕತೆಗಳನ್ನು ಕನ್ನಡಕ್ಕೆ ತಂದ. ಅಂದರೆ ಬಗ್ದಾದಿನ ಹುಡುಗನೂ ಕನ್ನಡ ನಾಡಿನ ಹುಡುಗನೂ ಒಂದೇ ಸಿಂಹ, ಒಂದೇ ಎತ್ತು, ಒಂದೇ ನರಿಗಳ ಕತೆ ಕೇಳುತ್ತಾ ಬೆಳೆದರು. ಶೇಖ್ ಸಅದಿಯವರ ‘ಗುಲಿಸ್ತಾನ್’ ಮದ್ರಸಗಳಲ್ಲಿ ಶತಮಾನಗಳ ಕಾಲ ಪಾಠಪುಸ್ತಕವಾಗಿತ್ತು. ಅದರಲ್ಲಿ ರಾಜರಿದ್ದಾರೆ, ದರ್ವೇಶಿಗಳಿದ್ದಾರೆ, ಪ್ರೇಮವಿದೆ, ಮುದಿತನವಿದೆ, ನಗುವಿದೆ. 1869ರಲ್ಲಿ ಡೆಪ್ಯುಟಿ ನಝೀರ್ ಅಹ್ಮದ್ ಬರೆದ ‘ಮಿರಾತುಲ್ ಅರೂಸ್’ ಉರ್ದುವಿನ ಮೊದಲ ಕಾದಂಬರಿಯೆಂದು ಹೆಸರಾಗಿದೆ. ಅದನ್ನು ಅವರು ಬರೆದದ್ದು ಪ್ರಶಸ್ತಿಗಾಗಿಯಲ್ಲ. ತನ್ನ ಹೆಣ್ಣುಮಕ್ಕಳಿಗೆ ಓದಲು ತಕ್ಕ ಪುಸ್ತಕ ಸಿಗದಿದ್ದುದರಿಂದ, ದಿಲ್ಲಿಯ ಅಕ್ಬರಿ, ಅಸ್ಗರಿ ಎಂಬ ಅಕ್ಕತಂಗಿಯರ ಕತೆಯನ್ನು ಮನೆಮಾತಿನಲ್ಲಿ ಬರೆದುಕೊಟ್ಟರು. ಆ ಮೇಲೆ ಸರಕಾರ ಸಾವಿರ ರೂಪಾಯಿ ಬಹುಮಾನ ಕೊಟ್ಟಿತು. ಹದಿಹರೆಯದವರಿಗಾಗಿ ಪುಸ್ತಕ ಬೇಕೆಂಬ ಮಾತು ಅಮೆರಿಕದಿಂದ ಬಂದ ಹೊಸ ಫ್ಯಾಷನ್ ಎನ್ನುವವರು ಇದನ್ನು ತಿಳಿದಿರಲಿ.

ಅದೇ ನಝೀರ್ ಅಹ್ಮದರ ‘ತೌಬತುನ್ನಸೂಹ್’ ಎಂಬ ಇನ್ನೊಂದು ಕಾದಂಬರಿಯಲ್ಲಿ ಈ ನಾಣ್ಯದ ಮತ್ತೊಂದು ಮುಖವಿದೆ. ಸಾವಿನ ದವಡೆಯಿಂದ ಪಾರಾಗಿ ಧರ್ಮನಿಷ್ಠನಾದ ತಂದೆ ನಸೂಹ್, ಹಿರಿಯ ಮಗ ಕಲೀಮನ ಪುಸ್ತಕಗಳಿಗೆಲ್ಲ ಬೆಂಕಿ ಹಚ್ಚುತ್ತಾನೆ. ಲೇಖಕರ ಅನುಕಂಪ ತಂದೆಯ ಕಡೆಗೇ ಇದೆ. ಆದರೆ ಪುಸ್ತಕ ಸುಟ್ಟದ್ದರಿಂದ ಮಗ ಸುಧಾರಿಸಿದನೇ? ಇಲ್ಲ, ಕೈತಪ್ಪಿ ಹೋದ. ಮಗನನ್ನು ಉಳಿಸಲು ಹೊರಟ ತಂದೆಯ ಪ್ರಾಮಾಣಿಕತೆಯನ್ನು ನಾವು ಸಂಶಯಿಸುವುದಿಲ್ಲ, ಅವನ ಉಪಾಯವನ್ನು ಸಂಶಯಿಸುತ್ತೇವೆ.

ಇಂದಿನ ಅಮೆರಿಕದಲ್ಲಿ ಇದೇ ಪ್ರಶ್ನೆ ಬೇರೆ ವೇಷದಲ್ಲಿ ಬಂದಿದೆ, ಮತ್ತು ಅಲ್ಲಿ ಮುಸ್ಲಿಮರು ಎರಡೂ ಕಡೆ ಇದ್ದಾರೆ. ಪೆನ್ಸಿಲ್ವೇನಿಯಾದ ಸೆಂಟ್ರಲ್ ಯಾರ್ಕ್ ಶಾಲಾ ಮಂಡಳಿ 2020ರ ಕೊನೆಯಲ್ಲಿ ಬಳಸಕೂಡದೆಂದು ತಡೆದ ಪುಸ್ತಕಗಳ ಉದ್ದ ಪಟ್ಟಿಯಲ್ಲಿ ರೋಸಾ ಪಾರ್ಕ್ಸ್ ಕುರಿತ ಮಕ್ಕಳ ಪುಸ್ತಕದೊಂದಿಗೆ ಮಲಾಲಾ ಯೂಸುಫ್‌ಝೈ ಆತ್ಮಕಥೆಯೂ ಇತ್ತು. ಅದೇ ಊರಿನ ಹೈಸ್ಕೂಲು ವಿದ್ಯಾರ್ಥಿಗಳು ಪ್ರತಿಭಟಿಸಿದ ಮೇಲೆ 2021ರ ಸೆಪ್ಟೆಂಬರಿನಲ್ಲಿ ಮಂಡಳಿ ಹಿಂದೆ ಸರಿಯಿತು. ದೇಶದಾದ್ಯಂತ ಶಾಲೆಗಳಿಂದ ಪುಸ್ತಕ ತೆಗೆದ ಪ್ರಕರಣಗಳು 2023-24ರ ಒಂದೇ ಶಾಲಾ ವರ್ಷದಲ್ಲಿ ಹತ್ತು ಸಾವಿರ ದಾಟಿದವೆಂದು ಲೇಖಕರ 'ಪೆನ್ ಅಮೆರಿಕ' ಸಂಘಟನೆ ಲೆಕ್ಕ ಕೊಟ್ಟಿದೆ. ಇತ್ತ ಅರಬ್ ಮೂಲದವರು ಬಹುಸಂಖ್ಯೆಯಲ್ಲಿರುವ ಮಿಷಿಗನ್ನಿನ ಡಿಯರ್‌ಬಾರ್ನ್ ಪಟ್ಟಣದಲ್ಲಿ 2022ರ ಅಕ್ಟೋಬರಿನಲ್ಲಿ ಮುಸ್ಲಿಂ ಹೆತ್ತವರೇ ಶಾಲಾ ಮಂಡಳಿಯ ಸಭೆಗೆ ಬಂದು ಕೆಲವು ಪುಸ್ತಕಗಳನ್ನು ತೆಗೆಯಿರೆಂದು ಕೂಗಿದರು. ಮೇರಿಲ್ಯಾಂಡಿನ ಮಾಂಟ್ಗೊಮೆರಿ ಜಿಲ್ಲೆಯಲ್ಲಿ ಸಲಿಂಗ ಸಂಬಂಧ ಮತ್ತು ಲಿಂಗ ಬದಲಾವಣೆಯ ವಿಷಯವಿರುವ ಕತೆಪುಸ್ತಕಗಳನ್ನು ಪ್ರಾಥಮಿಕ ತರಗತಿಯಲ್ಲಿ ಓದಿಸುವಾಗ ತಮ್ಮ ಮಕ್ಕಳನ್ನು ಹೊರಗಿಡಲು ಅವಕಾಶ ಬೇಕೆಂದು ಮುಸ್ಲಿಂ ಮತ್ತು ಕ್ರೈಸ್ತ ಹೆತ್ತವರು ನ್ಯಾಯಾಲಯಕ್ಕೆ ಹೋದರು. 2025ರ ಜೂನ್ 27ರಂದು ಅಲ್ಲಿನ ಸುಪ್ರೀಂ ಕೋರ್ಟು ಆರು-ಮೂರರ ಬಹುಮತದಿಂದ ಹೆತ್ತವರ ಪರ ನಿಂತಿತು.

ಈ ಎರಡು ಬೇಡಿಕೆಗಳನ್ನು ಒಂದೇ ಎಂದು ಭಾವಿಸಬಾರದು. ನನ್ನ ಸಣ್ಣ ಮಗುವಿಗೆ ತರಗತಿಯಲ್ಲಿ ಏನು ಓದಿಸುತ್ತೀರೆಂದು ಮುಂಚಿತವಾಗಿ ತಿಳಿಸಿ, ನನ್ನ ನಂಬಿಕೆಗೆ ಒಗ್ಗದಿದ್ದರೆ ಅವನನ್ನು ಬಿಟ್ಟುಬಿಡಿ ಎಂಬುದು ನ್ಯಾಯವಾದ ಬೇಡಿಕೆ. ನಾವೂ ಅದನ್ನು ಬೆಂಬಲಿಸುತ್ತೇವೆ. ಮೇರಿಲ್ಯಾಂಡಿನ ತೀರ್ಪು ಯಾವ ಪುಸ್ತಕವನ್ನೂ ನಿಷೇಧಿಸಲಿಲ್ಲ ಎಂಬುದನ್ನು ಗಮನಿಸಬೇಕು. ನನಗೆ ಒಗ್ಗದ ಪುಸ್ತಕ ನೆರೆಮನೆಯ ಹದಿನೇಳರ ಹುಡುಗನಿಗೂ ಸಿಗಕೂಡದು, ಕಪಾಟಿನಿಂದಲೇ ತೆಗೆಯಿರಿ ಎಂಬುದು ಬೇರೆಯೇ ಮಾತು. ಆ ಅಸ್ತ್ರವನ್ನು ಇಂದು ನಾವು ಹಿಡಿದರೆ ನಾಳೆ ನಮಗಿಂತ ಹೆಚ್ಚು ಸಂಖ್ಯೆಯಿರುವವರು ಹಿಡಿಯುತ್ತಾರೆ. ಅಲ್ಪಸಂಖ್ಯಾತರ ಕೈಯಲ್ಲಿ ಅದು ಎಂದೂ ಬಹಳ ದಿನ ಉಳಿದಿಲ್ಲ. ಮಲಾಲಾ ಪುಸ್ತಕಕ್ಕೆ ಆದದ್ದು ಇದೇ.

ಈಗ ಕಿಟಕಿಯ ಮಾತಿಗೆ ಬರೋಣ. ನಮ್ಮ ಸಮುದಾಯದ ಸಂಸ್ಥೆಗಳು ಪಟ್ಟಣಪಟ್ಟಣಗಳಲ್ಲಿ ಇಂಗ್ಲಿಷ್ ಮಾಧ್ಯಮ ಶಾಲೆಗಳನ್ನು ಕಟ್ಟಿವೆ. ಬೇರೆಡೆ ಅವಮಾನವಾಗದಿರಲಿ, ದೀನಿ ಸಂಸ್ಕಾರ ಸಿಗಲಿ ಎಂಬ ಉದ್ದೇಶ ಶ್ಲಾಘನೀಯ. ಆದರೆ ಹತ್ತನೆಯವರೆಗೂ ಒಬ್ಬ ದಲಿತ ಸಹಪಾಠಿಯನ್ನಾಗಲೀ ಲಿಂಗಾಯತ ಗೆಳೆಯನನ್ನಾಗಲೀ ಕ್ರೈಸ್ತ ನೆರೆಯವಳನ್ನಾಗಲೀ ಹತ್ತಿರದಿಂದ ಅರಿಯದೆ ಹೊರಬರುವ ಮಕ್ಕಳು ಇಂಥ ಶಾಲೆಗಳಲ್ಲಿ ಹೆಚ್ಚುತ್ತಿದ್ದಾರೆ. ಬಿಷಪ್ ಎಚ್ಚರಿಸಿದ ಆ ಎರಡನೆಯ ಪಾಠ, ಬರೀ ತನ್ನನ್ನೇ ಕಾಣುವ ಮಗುವಿನ ಪಾಠ, ನಮ್ಮ ಮಕ್ಕಳಿಗೂ ಅನ್ವಯಿಸುತ್ತದೆ. ಗೆಳೆಯರು ಸಿಗದ ಕಡೆ ಪುಸ್ತಕವಾದರೂ ಸಿಗಲಿ. ಸಿದ್ಧಲಿಂಗಯ್ಯನವರ ‘ಊರುಕೇರಿ’, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಒಂಬತ್ತನೆಯ, ಹತ್ತನೆಯ ತರಗತಿಯವರು ಓದಬಲ್ಲ ಆತ್ಮಕಥೆಗಳು. ಅವಮಾನ ತಮಗೊಬ್ಬರಿಗೇ ಆಗುತ್ತಿಲ್ಲವೆಂದು, ತಮಗಿಂತ ಮೊದಲೇ ತಮಗಿಂತ ಹೆಚ್ಚು ಉಂಡವರು ಇಲ್ಲಿದ್ದಾರೆಂದು ನಮ್ಮ ಮಕ್ಕಳಿಗೆ ಅವು ತಿಳಿಸುತ್ತವೆ. ಮನೆಗೆಲಸದ ಹೆಂಗಸಿಗೆ ಬೇರೆ ಲೋಟ ಇಟ್ಟಿರುವ ಮನೆ ನಮ್ಮಲ್ಲೂ ಇವೆಯಲ್ಲವೇ ಎಂಬ ಪ್ರಶ್ನೆಯೂ ಓದಿದ ಮಗುವಿಗೆ ಹುಟ್ಟೀತು. ಹುಟ್ಟಲಿ. ಪ್ರೇಮಚಂದರು ಹಾಮಿದನೆಂಬ ಬಡ ಹುಡುಗನ ಕೈಗೆ ಮೂರು ಪೈಸೆ ಕೊಟ್ಟು ಈದ್‌ಗಾಹಿನ ಜಾತ್ರೆಗೆ ಕಳುಹಿಸಿದ್ದರಿಂದಲೇ ಎಷ್ಟೋ ಹಿಂದೂ ಮನೆಗಳ ಮಕ್ಕಳಿಗೆ ಈದಿನ ಬೆಳಗು ಪರಿಚಯವಾಯಿತು. ಹಾಗೆ ನಮ್ಮಿಂದ ಬರೆದುಕೊಡಬೇಕಾದ ಸಾಲವೂ ಬಾಕಿ ಇದೆ.

ಇನ್ನು ಕಾನೂನು ಮತ್ತು ಹಣದ ವಿಷಯ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ, ಪ್ರತಿ ಶಾಲೆಯಲ್ಲೂ ಗ್ರಂಥಾಲಯವಿರಬೇಕು, ಪತ್ರಿಕೆಗಳೂ ಎಲ್ಲ ವಿಷಯಗಳ ಪುಸ್ತಕಗಳೂ ಇರಬೇಕು ಎನ್ನುತ್ತದೆ. ಕತೆಪುಸ್ತಕಗಳನ್ನು ಹೆಸರಿಸಿಯೇ ಹೇಳುತ್ತದೆ. ಆದರೆ ಆ ಕಾಯ್ದೆಯ ವ್ಯಾಪ್ತಿ ಎಂಟನೆಯ ತರಗತಿಯವರೆಗೆ, ಅಂದರೆ ಹದಿಹರೆಯ ಆರಂಭವಾಗುವಲ್ಲಿ ಅದು ಕೈಬಿಡುತ್ತದೆ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅಲ್ಪಸಂಖ್ಯಾತ ಶಿಕ್ಷಣ ಸಂಸ್ಥೆಗಳನ್ನು ಈ ಕಾಯ್ದೆಯಿಂದಲೇ ಹೊರಗಿಟ್ಟಿತು. ನಮ್ಮ ಸಂಸ್ಥೆಗಳು ಆ ತೀರ್ಪನ್ನು ಸ್ವಾಗತಿಸಿದವು. ಕಾಯ್ದೆಯಿಂದ ಸಿಕ್ಕ ವಿನಾಯಿತಿ ಕತೆಪುಸ್ತಕದಿಂದ ಸಿಕ್ಕ ವಿನಾಯಿತಿಯೆಂದು ಭಾವಿಸಿದರೆ ಕಷ್ಟ. ಸರಕಾರಿ ಶಾಲೆಗಳಿಗೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಗ್ರಂಥಾಲಯಕ್ಕೆಂದು ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಅನುದಾನ ನಿಗದಿಯಾಗಿದೆ. ಆ ಹಣದಲ್ಲಿ ಯಾವ ಪುಸ್ತಕ ಬಂತು ಎಂದು ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಕೇಳುವ ಅಧಿಕಾರ ಅದರಲ್ಲಿರುವ ಹೆತ್ತವರಿಗಿದೆ. ಕೇಳಿದವರು ಕಡಿಮೆ. ನಮ್ಮ ಖಾಸಗಿ ಶಾಲೆಗಳ ವಾರ್ಷಿಕೋತ್ಸವದ ಪೆಂಡಾಲು, ಧ್ವನಿವರ್ಧಕ, ನೆನಪಿನ ಕಾಣಿಕೆಗಳ ಖರ್ಚಿನ ಎದುರು ಒಂದು ನೂರು ಒಳ್ಳೆಯ ಪುಸ್ತಕಗಳ ಬೆಲೆ ದೊಡ್ಡದಲ್ಲ. ಆ ನೆನಪಿನ ಕಾಣಿಕೆಗಳು ಯಾವ ಕಪಾಟಿನಲ್ಲಿ ಧೂಳು ತಿನ್ನುತ್ತಿವೆಯೆಂದು ಪಡೆದವರನ್ನೇ ಕೇಳಬಹುದು.

ನೂರು ಪುಸ್ತಕ ಆರಿಸುವಾಗ ಕನ್ನಡ, ಇಂಗ್ಲಿಷ್, ಉರ್ದು ಮೂರೂ ಇರಲಿ. ಬಷೀರರ ಕೃತಿಗಳು ಕನ್ನಡದಲ್ಲಿ ಸಿಗುತ್ತವೆ, ನ್ಯಾಷನಲ್ ಬುಕ್ ಟ್ರಸ್ಟಿನ ಮತ್ತು ನವಕರ್ನಾಟಕದ ಪುಸ್ತಕಗಳು ಕೈಗೆಟಕುವ ಬೆಲೆಯವು. ಆಯ್ಕೆ ಸಮಿತಿಯಲ್ಲಿ ಒಬ್ಬ ಆಲಿಮ್, ಒಬ್ಬ ಕನ್ನಡ ಅಧ್ಯಾಪಕಿ, ಇಬ್ಬರು ಹೆತ್ತವರು ಇರಲಿ. ಮುಖ್ಯವಾಗಿ ಒಂಬತ್ತನೆಯ, ಹತ್ತನೆಯ ತರಗತಿಯ ನಾಲ್ವರು ವಿದ್ಯಾರ್ಥಿಗಳೂ ಇರಲಿ. ಪುಸ್ತಕ ಓದದೆ ಆಕ್ಷೇಪ ಎತ್ತುವಂತಿಲ್ಲ ಎಂಬ ಒಂದೇ ನಿಯಮ ಸಮಿತಿಗೆ ಸಾಕು. ನಮ್ಮ ಅನೇಕ ವಿವಾದಗಳು ಈ ಒಂದು ನಿಯಮದಲ್ಲೇ ಮುಗಿದಾವು. ಓದುಗನಿಗೆ ಅವನ ಪುಸ್ತಕ, ಪುಸ್ತಕಕ್ಕೆ ಅದರ ಓದುಗ ಎಂದು 1931ರಲ್ಲೇ ಸೂತ್ರ ಬರೆದ ಎಸ್.ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. ಪುಸ್ತಕ ಕಾಪಾಡಲು ಗ್ರಂಥಾಲಯವಿಲ್ಲ, ಬಳಸಲು ಇದೆ ಎಂಬುದು ಅವರ ಮೊದಲ ಸೂತ್ರ. ವರ್ಷಕ್ಕೆ ಹತ್ತು ಪುಸ್ತಕ ಹರಿದು, ಐದು ಕಳೆದುಹೋದರೆ ಅದನ್ನು ನಷ್ಟದ ಲೆಕ್ಕಕ್ಕೆ ಬರೆಯದೆ ಖರ್ಚಿನ ಲೆಕ್ಕಕ್ಕೆ ಬರೆಯಲು ಆಡಳಿತ ಮಂಡಳಿ ಒಪ್ಪಬೇಕು. ಇಲ್ಲವಾದರೆ ಕೀಲಿಕೈ ಹಿಡಿದ ಅಧ್ಯಾಪಕರು ಕಪಾಟು ತೆರೆಯಲಾರರು.

ಕೊನೆಯದಾಗಿ, ಹೆಣ್ಣುಮಕ್ಕಳ ವಿಷಯ. ನಮ್ಮ ಹುಡುಗರು ಬೇಕಾದರೆ ಸಂಜೆ ನಗರ ಗ್ರಂಥಾಲಯಕ್ಕೆ ಹೋಗಿ ಕುಳಿತಾರು, ಹೋಗುತ್ತಾರೋ ಇಲ್ಲವೋ ಬೇರೆ ಮಾತು. ಹುಡುಗಿಯರಿಗೆ ಅನೇಕ ಮನೆಗಳಲ್ಲಿ ಆ ದಾರಿಯಿಲ್ಲ. ಹತ್ತನೆಯ ಪರೀಕ್ಷೆ ಮುಗಿದು ಫಲಿತಾಂಶ ಬರುವವರೆಗಿನ ವಾರಗಳಲ್ಲಿ, ಮುಂದೆ ಓದಿಸುವುದೋ ಮದುವೆಯ ಮಾತು ಎತ್ತುವುದೋ ಎಂದು ದೊಡ್ಡವರು ಪಡಸಾಲೆಯಲ್ಲಿ ಚರ್ಚಿಸುತ್ತಿರುವಾಗ, ಒಳಕೋಣೆಯಲ್ಲಿ ಅವಳ ಕೈಯಲ್ಲಿ ಒಂದು ಪುಸ್ತಕವಾದರೂ ಇರಬೇಕು. ಆದ್ದರಿಂದ ಪುಸ್ತಕವನ್ನು ಶಾಲೆಯಲ್ಲೇ ಓದಿ ಶಾಲೆಯಲ್ಲೇ ಬಿಡಬೇಕೆಂಬ ಪದ್ಧತಿ ಹೋಗಲಿ. ಬೇಸಿಗೆ ರಜೆಗೆ ಹೊರಡುವ ಪ್ರತಿ ವಿದ್ಯಾರ್ಥಿನಿಗೂ ಐದು ಪುಸ್ತಕಗಳನ್ನು ಅವಳೇ ಆರಿಸಿಕೊಂಡು ಮನೆಗೆ ಒಯ್ಯಲು ಬಿಡಲಿ. ಶಾಲೆ ಬಿಟ್ಟು ಹೋಗುವ ಹತ್ತನೆಯವರಿಗೂ ಫಲಿತಾಂಶ ಬಂದು ಅಂಕಪಟ್ಟಿ ಪಡೆಯುವ ದಿನದವರೆಗೆ ಅವುಗಳನ್ನು ಇಟ್ಟುಕೊಳ್ಳಲು ಅನುಮತಿ ಇರಲಿ. ಈ ವರ್ಷದ ಆಡಳಿತ ಮಂಡಳಿ ಸಭೆಯ ಕಾರ್ಯಸೂಚಿಯಲ್ಲಿ ಇದನ್ನು ಸೇರಿಸಲು ಒಂದು ಸಾಲು ಸಾಕು.